ಲ್ಯಾಟಿನ್ ಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆ? ಲಘು-ಗುರು ಬಲ್ಲವರಿಗೆ ಹಂತಹಂತದ ಮಾರ್ಗದರ್ಶಿ

ಸಸ್ಯಶಾಸ್ತ್ರದ ವಿದ್ಯಾರ್ಥಿಗಳು, ಚರ್ಚಿನ ಗಾಯನ ತಂಡದವರು, ಮನೆಯಲ್ಲೇ ಕೂತು ಲ್ಯಾಟಿನ್ ಕಲಿಯಲು ಹೊರಟವರು. ಈ ಮೂರೂ ಕಡೆಯಿಂದ ನನಗೆ ಬರುವ ಪ್ರಶ್ನೆ ಒಂದೇ: "ಈ ಪದವನ್ನು ಎಲ್ಲಿ ಒತ್ತಿ ಹೇಳಬೇಕು?" ಒಬ್ಬೊಬ್ಬರಿಗೆ ಒಂದೊಂದು ಪದಕ್ಕೆ ಉತ್ತರ ಕೊಡುವ ಬದಲು ಪೂರ್ತಿ ವಿಧಾನವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಒಳ್ಳೆಯ ಸುದ್ದಿ. ಹೈಸ್ಕೂಲಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ್ದೀರಿ ಅಲ್ವಾ? ಲಘುವಿಗೆ ಒಂದು ಗುರುತು, ಗುರುವಿಗೆ ಒಂದು ಗುರುತು? ಹಾಗಾದರೆ ಲ್ಯಾಟಿನ್ ಒತ್ತಿನ ಮುಕ್ಕಾಲು ಪಾಲು ನಿಮಗೆ ಆಗಲೇ ಗೊತ್ತಿದೆ. ಉಳಿದ ಕಾಲು ಪಾಲಿನಲ್ಲಿ ನಮ್ಮ ಕನ್ನಡದ ಅಭ್ಯಾಸವೇ ದಾರಿ ತಪ್ಪಿಸುತ್ತದೆ. ಆ ಜಾಗಗಳಲ್ಲಿ ಜಾಸ್ತಿ ಹೊತ್ತು ನಿಲ್ಲೋಣ.

ಏನೇನು ಬೇಕು

ಸ್ವರ ದೀರ್ಘವಾಗಿದ್ದರೆ ಅದರ ತಲೆಯ ಮೇಲೆ ಅಡ್ಡಗೆರೆ ಹಾಕಿ ತೋರಿಸುವ ಒಂದು ಲ್ಯಾಟಿನ್ ನಿಘಂಟು ಬೇಕು. ಒಂದು ಪೆನ್ಸಿಲ್ ಬೇಕು. ಮೂರನೆಯದು ಕನ್ನಡ ಲಿಪಿ. ಇದನ್ನು ಸುಮ್ನೆ ಅಭಿಮಾನಕ್ಕೆ ಹೇಳುತ್ತಿಲ್ಲ. ಲ್ಯಾಟಿನ್ನಿನಲ್ಲಿ ಅ, ಎ, ಇ, ಒ, ಉ ಎಂಬ ಐದು ಸ್ವರಗಳಿವೆ. ಐದಕ್ಕೂ ಹ್ರಸ್ವ ಇದೆ, ದೀರ್ಘ ಇದೆ. ಆದರೆ ರೋಮನ್ ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರ. ದೇವನಾಗರಿಯಲ್ಲಿ ಬರೆಯೋಣ ಎಂದರೆ ಹ್ರಸ್ವ ಎ, ಹ್ರಸ್ವ ಒ ಅಲ್ಲಿ ಸುಲಭವಾಗಿ ಸಿಗುವುದಿಲ್ಲ. ನಮ್ಮಲ್ಲಿ ಎ-ಏ, ಒ-ಓ ಬೇರೆ ಬೇರೆ. ಹಾಗಾಗಿ ಲ್ಯಾಟಿನ್ ಪದವನ್ನು ಕನ್ನಡದಲ್ಲಿ ಬರೆದುಕೊಂಡರೆ ಸ್ವರದ ಅಳತೆ ಕಣ್ಣಿಗೇ ಕಾಣುತ್ತದೆ.

ನಾಲ್ಕು ಮಾತುಗಳನ್ನು ಇಲ್ಲೇ ಗಟ್ಟಿ ಮಾಡಿಕೊಳ್ಳಿ.

ಸ್ವರದ ಅಳತೆ: ಒಂದು ಸ್ವರ ಹ್ರಸ್ವವೋ ದೀರ್ಘವೋ ಎಂಬುದು.

ತುಂಡು: ಒಂದೇ ಉಸಿರಿನ ತಳ್ಳಿಗೆ ಹೊರಬರುವ ಪದದ ಭಾಗ. ವ್ಯಾಕರಣದಲ್ಲಿ ಇದನ್ನು ಉಚ್ಚಾರಾಂಶ ಎನ್ನುತ್ತಾರೆ. ಒಂದು ಸ್ವರಕ್ಕೆ ಒಂದು ತುಂಡು.

ತೂಕ: ಒಂದು ತುಂಡು ಲಘುವೋ ಗುರುವೋ ಎಂಬುದು.

ಒತ್ತು: ಪದದಲ್ಲಿ ಯಾವ ತುಂಡನ್ನು ಎದ್ದು ಕೇಳುವಂತೆ ಹೇಳುತ್ತೇವೋ ಅದು. ಒತ್ತು ಎಂದಕೂಡಲೇ ನಮಗೆ ಅಕ್ಷರದ ಕೆಳಗೆ ಬರೆಯುವ ಒತ್ತು ನೆನಪಾಗುತ್ತದೆ. ಗೊಂದಲ ಬೇಡ. ಅದನ್ನು ಇಲ್ಲಿ ಒತ್ತಕ್ಷರ ಎಂದೇ ಕರೆಯುತ್ತೇನೆ. ಒತ್ತು ಬೀಳುವ ತುಂಡನ್ನು [ ] ಗುರುತಿನೊಳಗೆ ಇಡುತ್ತೇನೆ.

ಹಂತ 1: ಸ್ವರದ ಅಳತೆ ನೋಡಿಕೊಳ್ಳಿ

ನಿಘಂಟು ತೆರೆದು ಪದವನ್ನು ಕನ್ನಡದಲ್ಲಿ ಬರೆಯಿರಿ. ಅಡ್ಡಗೆರೆ ಇದ್ದರೆ ದೀರ್ಘ, ಇಲ್ಲದಿದ್ದರೆ ಹ್ರಸ್ವ. ಈ ಹಂತವನ್ನು ಹಾರಿಸಬೇಡಿ. ಅಳತೆ ಬದಲಾದರೆ ಅರ್ಥವೇ ಬದಲಾಗುತ್ತದೆ, ನಮ್ಮ 'ಬಳೆ' ಮತ್ತು 'ಬಾಳೆ' ಇದ್ದಂತೆ. ಲ್ಯಾಟಿನ್ನಿನಲ್ಲಿ 'ಮಲುಮ್' ಎಂದರೆ ಕೇಡು, 'ಮಾಲುಮ್' ಎಂದರೆ ಸೇಬು. 'ಲಿಬೆರ್' ಪುಸ್ತಕ, 'ಲೀಬೆರ್' ಸ್ವತಂತ್ರ. 'ವೆನಿತ್' ಬರುತ್ತಾನೆ, 'ವೇನಿತ್' ಬಂದ. 'ಪೊಪುಲುಸ್' ಜನ, 'ಪೋಪುಲುಸ್' ಒಂದು ಜಾತಿಯ ಮರ. ವಿಭಕ್ತಿ ಕೂಡ ಇದರ ಮೇಲೇ ನಿಂತಿದೆ: 'ರೊಸ' ಎಂದರೆ ಗುಲಾಬಿ, 'ರೊಸಾ' ಎಂದರೆ ಗುಲಾಬಿಯಿಂದ.

ರೋಮನ್ನರಿಗೂ ಈ ತೊಡಕು ಗೊತ್ತಿತ್ತು. ಕೆಲವು ಶಾಸನಗಳಲ್ಲಿ ದೀರ್ಘಸ್ವರದ ಮೇಲೆ 'ಅಪೆಕ್ಸ್' ಎಂಬ ಓರೆಗೆರೆ ಕಾಣುತ್ತದೆ. 1ನೇ ಶತಮಾನದ ಮೇಷ್ಟ್ರು ಕ್ವಿಂಟಿಲಿಯನ್ ಇದಕ್ಕೆ ಉದಾಹರಣೆ ಕೊಡುತ್ತಾರೆ: 'ಮಲುಸ್' ಎಂದು ಬರೆದಾಗ ಅದು ಮರವೋ ಕೆಟ್ಟ ಮನುಷ್ಯನೋ ಎಂದು ತಿಳಿಸಲು ಅಪೆಕ್ಸ್ ಬೇಕಾಗುತ್ತದೆ.

ಅಡ್ಡಗೆರೆ ಇಲ್ಲದ ಪುಸ್ತಕವೇ ಕೈಯಲ್ಲಿದ್ದರೆ ಎರಡು ಸುಳಿವುಗಳು ನೆರವಿಗೆ ಬರುತ್ತವೆ. ಒಂದು, ಸ್ವರದ ಬೆನ್ನಿಗೇ ಇನ್ನೊಂದು ಸ್ವರ ಬಂದರೆ ಮೊದಲಿನದು ಸಾಮಾನ್ಯವಾಗಿ ಹ್ರಸ್ವ: 'ವಿಅ' (ದಾರಿ), 'ಪುಎಲ್ಲ' (ಹುಡುಗಿ). ಎರಡು, 'ನ್ಸ್' ಅಥವಾ 'ನ್ಫ್' ಹಿಂದಿನ ಸ್ವರ ದೀರ್ಘ: 'ಈನ್ಸುಲ' (ದ್ವೀಪ), 'ಕೋನ್ಸುಲ್'. ಇದನ್ನು ಕ್ರಿ.ಪೂ. 46ರಲ್ಲಿ ರೋಮನ್ ವಾಗ್ಮಿ ಸಿಸೆರೋ ತನ್ನ ಕಿವಿಯಿಂದಲೇ ಗುರುತಿಸಿ ಬರೆದಿಟ್ಟಿದ್ದಾನೆ. 'ಇನ್‌ದೊಕ್ತುಸ್' ಎನ್ನುವಾಗ ಮೊದಲ ಸ್ವರ ಹ್ರಸ್ವ, 'ಈನ್‌ಸಾನುಸ್' ಎನ್ನುವಾಗ ದೀರ್ಘ, ಯಾಕೆ ಎಂದು ಕೇಳಿದರೆ ಕಿವಿಗೆ ಹಿತ, ಅಷ್ಟೇ ಎನ್ನುತ್ತಾನೆ.

ಹಂತ 2: ತುಂಡು ಮಾಡಿ

ಎಲ್ಲರಿಗಿಂತ ಹೆಚ್ಚಾಗಿ ನಾವು ಎಡವುವುದು ಇಲ್ಲೇ. ಕಾರಣ ನಮ್ಮ ಲಿಪಿ. 'ಅಮ್ಮ' ಎಂಬ ಪದವನ್ನು ನಾವು 'ಅ-ಮ್ಮ' ಎಂದು ಬಿಡಿಸುತ್ತೇವೆ. ಬರವಣಿಗೆಯಲ್ಲಿ ಅದು ಸರಿ. ಆದರೆ ಬಾಯಲ್ಲಿ ಹೇಳಿ ನೋಡಿ: 'ಅಮ್' ಎಂದು ತುಟಿ ಮುಚ್ಚುತ್ತದೆ, ಆಮೇಲೆ 'ಮ'. ಕಿವಿಗೆ ಕೇಳುವುದು 'ಅಮ್-ಮ'. ಒತ್ತಕ್ಷರದ ಹಿಂದಿನದು ಗುರು ಎಂದು ನಾವು ಬಾಯಿಪಾಠ ಮಾಡಿದ್ದಕ್ಕೆ ಕಾರಣವೂ ಇದೇ. ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ತುಂಡಿಗೆ ಬಾಗಿಲು ಹಾಕುತ್ತದೆ, ಅದಕ್ಕೇ ಅದು ಭಾರ.

ಲ್ಯಾಟಿನ್ನಿಗೆ ಕಿವಿಯ ಲೆಕ್ಕವನ್ನೇ ಹಿಡಿಯಿರಿ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ತುಂಡಿಗೆ ಸೇರುತ್ತದೆ: ಅ-ಮೀ-ಕುಸ್ (ಗೆಳೆಯ). ಎರಡಿದ್ದರೆ ಆಚೆಗೊಂದು ಈಚೆಗೊಂದು: ಪು-ಎಲ್-ಲ, ಮ-ಗಿಸ್-ತೆರ್ (ಗುರು, ಒಡೆಯ). ಐ, ಔ ಬಂದಾಗ ನಮ್ಮಂತೆಯೇ ಒಂದೇ ಸ್ವರವೆಂದು ಎಣಿಸಿ.

ಇನ್ನು ಹಳ್ಳಗಳು. ಒಂದೊಂದನ್ನೂ ನಿಧಾನವಾಗಿ ಓದಿ.

ಕ್ವ: ರೋಮನ್ ಲಿಪಿಯಲ್ಲಿ ಎರಡು ಅಕ್ಷರ, ಕನ್ನಡದಲ್ಲಿ ಒತ್ತಕ್ಷರ. ಲ್ಯಾಟಿನ್ ಲೆಕ್ಕದಲ್ಲಿ ಮಾತ್ರ ಇದು ಒಂದೇ ವ್ಯಂಜನ. 'ಅಕ್ವ' (ನೀರು) ಪದವನ್ನು 'ಅಕ್-ವ' ಎಂದು ಒಡೆಯಬೇಡಿ. 'ಅ-ಕ್ವ'. ಮೊದಲ ತುಂಡು ಲಘು. ಕನ್ನಡದ ಕಣ್ಣು ಇಲ್ಲಿ ಗುರು ಹಾಕಿಬಿಡುತ್ತದೆ.

ಕ್ರ, ಪ್ರ, ತ್ರ, ಬ್ರ, ಪ್ಲ ಮುಂತಾದವು: ಕ್, ಗ್, ತ್, ದ್, ಪ್, ಬ್ ಆದಮೇಲೆ ರ್ ಅಥವಾ ಲ್ ಬಂದರೆ ಮಾತಿನಲ್ಲಿ ಎರಡೂ ಅಂಟಿಕೊಂಡು ಮುಂದಿನ ತುಂಡಿಗೆ ಹೋಗುತ್ತವೆ. 'ತೆ-ನೆ-ಬ್ರೈ' (ಕತ್ತಲು). ಇದನ್ನು 'ತೆ-ನೆಬ್-ರೈ' ಎಂದು ಒಡೆದರೆ ಒತ್ತು ತಪ್ಪುತ್ತದೆ. ನಮ್ಮಲ್ಲಿ 'ಪುತ್ರ' ಎಂದರೆ ಮೊದಲಿನದು ಗುರುವೇ, ಮಾತಿಲ್ಲ. ಲ್ಯಾಟಿನ್ ಇಲ್ಲಿ ಸಡಿಲ. ಹಳಗನ್ನಡ ಓದಿದವರಿಗೆ ಶಿಥಿಲದ್ವಿತ್ವ ನೆನಪಾಗಬಹುದು. ರೇಫೆಯಂಥ ವ್ಯಂಜನ ಸೇರಿದ ಕೆಲವು ಒತ್ತಕ್ಷರಗಳನ್ನು ತೇಲಿಸಿ ಹೇಳಿ ಹಿಂದಿನದನ್ನು ಲಘುವಾಗಿ ಎಣಿಸುವುದು ನಮ್ಮ ಕವಿಗಳಿಗೂ ಗೊತ್ತಿತ್ತು. ಎರಡೂ ಒಂದೇ ನಿಯಮವಲ್ಲ, ಆದರೆ ಕಿವಿ ಮಾಡುವ ಕೆಲಸ ಒಂದೇ ಥರದ್ದು. ಲ್ಯಾಟಿನ್ ಕವಿಗಳು ಬೇಕೆಂದಾಗ ಇದನ್ನು ಗಟ್ಟಿಯಾಗಿಯೂ ಎಣಿಸಿಕೊಳ್ಳುತ್ತಿದ್ದರು. ರೋಮನ್ ಕವಿ ಓವಿಡ್‌ನ ಒಂದು ಸಾಲಿನಲ್ಲಿ ಹಕ್ಕಿ ಎಂಬ ಪದ ಎರಡು ಸಲ ಬರುತ್ತದೆ. ಮೊದಲು 'ವೊ-ಲು-ಕ್ರೀ', 'ಲು' ಲಘು. ಸಾಲಿನ ಕೊನೆಗೆ 'ವೊ-ಲುಕ್-ರಿಸ್', 'ಲುಕ್' ಗುರು. ಮೊದಲನೆಯದು ಹಕ್ಕಿಯ ಹಾಗೆ ಕಂಡದ್ದು, ಎರಡನೆಯದು ನಿಜವಾದ ಹಕ್ಕಿ. ನನಗೆ ಇಡೀ ಲ್ಯಾಟಿನ್ ಛಂದಸ್ಸಿನಲ್ಲಿ ಇಷ್ಟು ಚೆಂದದ ಸಾಲು ಇನ್ನೊಂದಿಲ್ಲ ಅನ್ನಿಸುತ್ತದೆ.

ಕ್ಸ್: ರೋಮನ್ ಲಿಪಿಯಲ್ಲಿ ಒಂದೇ ಅಕ್ಷರ, ಆದರೆ ಎರಡು ವ್ಯಂಜನ. ಒಡೆಯಲೇಬೇಕು: 'ಮಕ್-ಸಿ-ಮುಸ್'. ಕನ್ನಡದಲ್ಲಿ ಬರೆದರೆ ಇದು ತಾನಾಗಿಯೇ ಸರಿಹೋಗುತ್ತದೆ.

ಹ್: ಲೆಕ್ಕಕ್ಕೇ ಇಲ್ಲ. ಗ್ರೀಕಿನಿಂದ ಬಂದ ಖ, ಥ, ಫ ಒಂದೊಂದೇ ವ್ಯಂಜನ.

ಕೊನೆಗೆ ಉ: 'ಬಸ್' ನಮ್ಮ ಬಾಯಲ್ಲಿ 'ಬಸ್ಸು' ಆಗುತ್ತದೆ. 'ಅಮೀಕುಸ್' ಕೂಡ ಗೊತ್ತಿಲ್ಲದೆ 'ಅಮೀಕುಸು' ಆಗಿಬಿಟ್ಟರೆ ಒಂದು ತುಂಡು ಜಾಸ್ತಿಯಾಗಿ ಎಣಿಕೆ ಹಾಳಾಗುತ್ತದೆ. ಕೊನೆಯ ವ್ಯಂಜನವನ್ನು ಅಲ್ಲೇ ನಿಲ್ಲಿಸಿ.

ಹಂತ 3: ತೂಕ ಹಾಕಿ

ಇದು ನಮಗೆ ನೀರು ಕುಡಿದಷ್ಟು ಸುಲಭ. ತುಂಡು ಹ್ರಸ್ವಸ್ವರದಲ್ಲಿ ಮುಗಿದರೆ ಲಘು, ಒಂದು ಮಾತ್ರೆ. ಉಳಿದದ್ದೆಲ್ಲ ಗುರು, ಎರಡು ಮಾತ್ರೆ. ದೀರ್ಘಸ್ವರ ಇದ್ದರೆ ಗುರು, ಐ-ಔ ಇದ್ದರೆ ಗುರು, ವ್ಯಂಜನದಲ್ಲಿ ಮುಗಿದರೆ ಗುರು.

ಒಂದೇ ಎಚ್ಚರಿಕೆ. ತುಂಡು ಗುರುವಾಯಿತು ಎಂದರೆ ಅದರ ಸ್ವರ ದೀರ್ಘವಾಯಿತು ಎಂದಲ್ಲ. ಹಳೆಯ ಪಠ್ಯಪುಸ್ತಕಗಳು ಎರಡಕ್ಕೂ 'ಉದ್ದ' ಎಂಬ ಒಂದೇ ಮಾತು ಬಳಸಿ ತುಂಬಾ ಜನರನ್ನು ದಾರಿ ತಪ್ಪಿಸಿವೆ. 'ಮಗಿಸ್ತೆರ್' ಪದದಲ್ಲಿ 'ಗಿಸ್' ಗುರು, ಆದರೆ ಇಕಾರ ಹ್ರಸ್ವವೇ. 'ಮಗೀಸ್ತೆರ್' ಎಂದು ಎಳೆಯಬೇಡಿ. 'ಅಮ್ಮ' ಎನ್ನುವಾಗ ಮೊದಲಿನದು ಗುರು ಎಂದು 'ಆಮ್ಮ' ಎನ್ನುತ್ತೇವೆಯೇ?

ಹಂತ 4: ಒತ್ತು ಇಡಿ

ಕೊನೆಯ ತುಂಡನ್ನು ಬೆರಳಿನಿಂದ ಮುಚ್ಚಿ. ಅದರ ತೂಕ ಏನಿದ್ದರೂ ಲೆಕ್ಕಕ್ಕಿಲ್ಲ.

ಪದದಲ್ಲಿ ಎರಡೇ ತುಂಡು ಇದ್ದರೆ ಉಳಿದ ಮೊದಲನೆಯದಕ್ಕೇ ಒತ್ತು: [ರೊ]-ಸ, [ಲೀ]-ಬೆರ್.

ಮೂರು ಅಥವಾ ಜಾಸ್ತಿ ಇದ್ದರೆ ಕೊನೆಯಿಂದ ಎರಡನೆಯ ತುಂಡನ್ನು ನೋಡಿ. ಅದು ಗುರುವಾಗಿದ್ದರೆ ಒತ್ತು ಅದಕ್ಕೇ. ಲಘುವಾಗಿದ್ದರೆ ಒತ್ತು ಒಂದು ಹೆಜ್ಜೆ ಹಿಂದಕ್ಕೆ, ಅಂದರೆ ಕೊನೆಯಿಂದ ಮೂರನೆಯದಕ್ಕೆ ಹೋಗುತ್ತದೆ. ಮೂರನೆಯದು ಲಘುವೋ ಗುರುವೋ ಎಂದು ನೋಡಬೇಕಾಗಿಲ್ಲ. ಅದಕ್ಕಿಂತ ಹಿಂದಕ್ಕೆ ಒತ್ತು ಹೋಗುವುದೇ ಇಲ್ಲ. ಪದ ಎಷ್ಟು ಉದ್ದವಿದ್ದರೂ ಅಷ್ಟೆ.

ಅ-[ಮೀ]-ಕುಸ್: 'ಮೀ' ದೀರ್ಘ, ಗುರು. ಒತ್ತು ಅಲ್ಲೇ.
ಫೆ-[ನೆಸ್]-ತ್ರ (ಕಿಟಕಿ): 'ನೆಸ್' ವ್ಯಂಜನದಲ್ಲಿ ಮುಗಿದಿದೆ, ಗುರು.
[ದೊ]-ಮಿ-ನುಸ್ (ಒಡೆಯ): 'ಮಿ' ಲಘು, ಒತ್ತು ಹಿಂದಕ್ಕೆ.
[ತೆ]-ನೆ-ಬ್ರೈ: 'ನೆ' ಲಘು, ಹಿಂದಕ್ಕೆ.
[ರೆ]-ಲಿ-ಕ್ವುಸ್ (ಉಳಿದ): 'ಕ್ವ' ಒಂದೇ ವ್ಯಂಜನ, ಹಾಗಾಗಿ 'ಲಿ' ಲಘು.

ಅಳತೆ, ತೂಕ, ಒತ್ತು ಮೂರೂ ಒಂದೇ ಹಗ್ಗದ ಎಳೆಗಳು ಎಂಬುದು ಒಂದು ಜೋಡಿಯಲ್ಲಿ ಚೆನ್ನಾಗಿ ಕಾಣುತ್ತದೆ. [ಒಕ್]-ಕಿ-ದಿತ್ ಎಂದರೆ ಬೀಳುತ್ತಾನೆ, ಸೂರ್ಯನಾದರೆ ಮುಳುಗುತ್ತಾನೆ. ಒಕ್-[ಕೀ]-ದಿತ್ ಎಂದರೆ ಕೊಲ್ಲುತ್ತಾನೆ. ರೋಮನ್ ಲಿಪಿಯಲ್ಲಿ ಎರಡಕ್ಕೂ ಅವೇ ಏಳು ಅಕ್ಷರ. ನಡುವಿನ ಒಂದು ಇಕಾರ ದೀರ್ಘವಾಯಿತು, ತೂಕ ಏರಿತು, ಒತ್ತು ಜಾಗ ಬದಲಿಸಿತು, ಬಿದ್ದವನು ಕೊಂದವನಾದ.

ಹಂತ 5: ಬಾಯಲ್ಲಿ ಹೇಳಿ

ಕನ್ನಡದಲ್ಲಿ ಒತ್ತು ಅರ್ಥವನ್ನು ಬದಲಿಸುವುದಿಲ್ಲ. ಹಾಗಾಗಿ ಒತ್ತಿ ಹೇಳಿ ಎಂದರೆ ನಾವು ಎಳೆದು ಹೇಳುತ್ತೇವೆ. [ದೊ]-ಮಿ-ನುಸ್ ನಮ್ಮ ಬಾಯಲ್ಲಿ 'ದೋಮಿನುಸ್' ಆಗುತ್ತದೆ. ಇದೇ ದೊಡ್ಡ ತಪ್ಪು. ಎಳೆದರೆ ಅಳತೆ ಕೆಡುತ್ತದೆ. [ಪೊ]-ಪು-ಲುಸ್ ಮತ್ತು [ಪೋ]-ಪು-ಲುಸ್ ಎರಡರಲ್ಲೂ ಒತ್ತು ಮೊದಲನೆಯದಕ್ಕೇ. ಎಳೆದರೆ ಜನ ಹೋಗಿ ಮರ ಬರುತ್ತದೆ. ಆ ತುಂಡಿನಲ್ಲಿ ದನಿಯನ್ನು ಸ್ವಲ್ಪ ಏರಿಸಿ, ಸ್ವಲ್ಪ ಗಟ್ಟಿಯಾಗಿ ಹೇಳಿ. ಉದ್ದ ಮಾತ್ರ ಮಾಡಬೇಡಿ. ಮೇಜಿನ ಮೇಲೆ ಬೆರಳಿನಿಂದ ಮಾತ್ರೆ ತಟ್ಟುತ್ತಾ ಹೇಳಿ: ಲಘುವಿಗೆ ಒಂದು ತಟ್ಟು, ಗುರುವಿಗೆ ಎರಡು. ಒಂದು ವಾರ ಹೀಗೆ ಮಾಡಿದರೆ ಎಳೆಯುವ ಅಭ್ಯಾಸ ಬಿಟ್ಟುಹೋಗುತ್ತದೆ.

ಹಂತ 6: ಪದ್ಯದಲ್ಲಿ ಪರೀಕ್ಷೆ ಮಾಡಿ

ಕಲಿತದ್ದು ಸರಿಯೋ ತಪ್ಪೋ ಎಂದು ತಿಳಿಯಲು ಪದ್ಯಕ್ಕಿಂತ ಒಳ್ಳೆಯ ತಕ್ಕಡಿ ಇಲ್ಲ. ಅಷ್ಟೇ ಅಲ್ಲ, ಎಷ್ಟೋ ಪದಗಳಲ್ಲಿ ಯಾವ ಸ್ವರ ದೀರ್ಘ ಎಂಬುದು ನಿಘಂಟು ಬರೆದವರಿಗೆ ತಿಳಿದದ್ದೂ ಪದ್ಯದಿಂದಲೇ.

ವರ್ಜಿಲ್ (ಕ್ರಿ.ಪೂ. 70–19) ಬರೆದ ಮಹಾಕಾವ್ಯ 'ಈನೀಡ್'ನ ಛಂದಸ್ಸು ಹೆಕ್ಸಾಮೀಟರ್. ಒಂದು ಸಾಲಿಗೆ ಆರು ಗಣ. ಒಂದೊಂದು ಗಣವೂ ಗುರು-ಲಘು-ಲಘು ಅಥವಾ ಗುರು-ಗುರು. ಅಂದರೆ ನಮ್ಮ ಕಂದಪದ್ಯದ ಹಾಗೆ ನಾಲ್ಕು ಮಾತ್ರೆಯ ಗಣಗಳು. ಆದರೆ ಕಂದದಲ್ಲಿ ಬರುವ ಲಘು-ಲಘು-ಗುರು, ನಾಲ್ಕು ಲಘು ಇಲ್ಲಿ ಬರುವಂತಿಲ್ಲ. ಪ್ರತಿ ಗಣವೂ ಗುರುವಿನಿಂದಲೇ ಶುರು. ಮೊದಲ ಸಾಲು ನೋಡಿ:

ಅರ್-ಮ-ವಿ | ರುಮ್-ಕ್ವೆ-ಕ | ನೋ-ತ್ರೋ | ಯೈ-ಕ್ವೀ | ಪ್ರೀ-ಮು-ಸ | ಬೋ-ರೀಸ್

ಬೆರಳು ತಟ್ಟಿ ಎಣಿಸಿ. ಆರು ನಾಲ್ಕಲಿ ಇಪ್ಪತ್ತನಾಲ್ಕು. ಐದನೇ ಗಣವನ್ನು ಗಮನಿಸಿ. ಮೂಲದಲ್ಲಿ 'ಪ್ರೀಮುಸ್ ಅಬ್ ಓರೀಸ್' ಎಂದು ಮೂರು ಪದ. 'ಮುಸ್' ವ್ಯಂಜನದಲ್ಲಿ ಮುಗಿದಿದೆ, ಗುರು ಆಗಬೇಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ಪದ್ಯದಲ್ಲಿ ಪದಗಳ ನಡುವೆ ಗೋಡೆ ಇಲ್ಲ. ಸಕಾರ ಮುಂದಿನ ಅಕಾರಕ್ಕೆ ಹಾರಿ 'ಮು-ಸ' ಆಗುತ್ತದೆ, ಎರಡೂ ಲಘು. ಹೊಸಬರ ಪ್ರಸ್ತಾರ ತಪ್ಪಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಗಮನಿಸಬೇಕಾದ ಇನ್ನೊಂದು ಸಂಗತಿ ಲೋಪಸಂಧಿ. ಪದ ಸ್ವರದಲ್ಲಿ ಮುಗಿದು ಮುಂದಿನದು ಸ್ವರದಿಂದ ಶುರುವಾದರೆ ಹಿಂದಿನ ಸ್ವರ ಬಿದ್ದುಹೋಗುತ್ತದೆ, ನಮ್ಮ 'ಊರು + ಅಲ್ಲಿ = ಊರಲ್ಲಿ' ಥರ. 'ಉಮ್', 'ಅಮ್' ಎಂದು ಮಕಾರದಲ್ಲಿ ಮುಗಿದರೂ ಹೀಗೆಯೇ. ನಾವು ಬರೆಯುವಾಗಲೂ ಬಿಡುತ್ತೇವೆ, ಅವರು ಬರವಣಿಗೆಯಲ್ಲಿ ಉಳಿಸಿ ಓದುವಾಗ ಬಿಡುತ್ತಾರೆ. ಮೂರನೆಯ ಸಾಲಿನ 'ಮುಲ್ತುಮ್ ಇಲ್ಲೆ ಎತ್' ಓದುವಾಗ 'ಮುಲ್-ತಿಲ್-ಲೆತ್' ಆಗುತ್ತದೆ.

ಬೇರೆ ಭಾಷೆಗೆ ಇದೇ ನಿಯಮ ಹಚ್ಚಬೇಡಿ

ಹಳೆಯ ಗ್ರೀಕಿನಲ್ಲೂ ಹ್ರಸ್ವ-ದೀರ್ಘ ಇದೆ, ಆದರೆ ಅಲ್ಲಿ ನೋಡಬೇಕಾದದ್ದು ಕೊನೆಯ ತುಂಡನ್ನು. [ಅನ್]-ಥ್ರೋ-ಪೊಸ್ ಎಂದರೆ ಮನುಷ್ಯ. 'ಮನುಷ್ಯನ' ಎನ್ನಲು ಅನ್-[ಥ್ರೋ]-ಪೂ. ಕೊನೆಯದು ದೀರ್ಘವಾಯಿತು, ಅಲ್ಲಿ ಒತ್ತಿನ ಬದಲು ಇರುವ ದನಿಯ ಏರು ಮುಂದಕ್ಕೆ ಸರಿಯಿತು. ಫಿನ್ನಿಶ್ ಭಾಷೆಯಲ್ಲಿ ಒತ್ತು ಯಾವಾಗಲೂ ಮೊದಲನೆಯದಕ್ಕೆ, ಸ್ವರದ, ವ್ಯಂಜನದ ಅಳತೆ ಮಾತ್ರ ಅರ್ಥ ಹೇಳುತ್ತದೆ: 'ಮುತ' ಎಂದರೆ ಕೆಸರು, 'ಮುತ್ತ' ಎಂದರೆ 'ಆದರೆ'. ಜಪಾನೀ ಹೈಕು ಎಣಿಸುವುದು ತುಂಡನ್ನಲ್ಲ, ಮಾತ್ರೆಯನ್ನು. 'ತೋಕ್ಯೋ' ಎಂದರೆ ಅವರಿಗೆ ನಾಲ್ಕು.

ಸ್ವರದ ಮೇಲಿನ ಓರೆಗೆರೆಯನ್ನು ನಂಬುವಾಗಲೂ ಹುಷಾರು. ಸ್ಪ್ಯಾನಿಶ್‌ನಲ್ಲಿ ಅದು ಒತ್ತು. ಝೆಕ್, ಹಂಗೇರಿಯನ್ ಭಾಷೆಗಳಲ್ಲಿ ಅದು ದೀರ್ಘ. ಚರ್ಚಿನ ಲ್ಯಾಟಿನ್ ಪ್ರಾರ್ಥನೆ ಪುಸ್ತಕಗಳಲ್ಲಿ ಅದು ಒತ್ತು. ಹಾಡುವವರಿಗೆ ಅದೊಂದೇ ಸಾಕು, ಯಾಕೆಂದರೆ ಅಂಥ ಪುಸ್ತಕಗಳು ಬರುವ ಹೊತ್ತಿಗೆ ಹ್ರಸ್ವ-ದೀರ್ಘದ ವ್ಯತ್ಯಾಸ ಮಾತಿನಿಂದ ಅಳಿಸಿಹೋಗಿತ್ತು. ಉತ್ತರ ಆಫ್ರಿಕಾದ ಸಂತ ಅಗಸ್ಟೀನ್ (354–430) ತನ್ನ ಸುತ್ತಲಿನವರ ಕಿವಿಗೆ ಇದು ತಿಳಿಯುವುದಿಲ್ಲ ಎಂದು ಬರೆದಿದ್ದಾನೆ. 'ಒಸ್' ಎಂದರೆ ಮೂಳೆ, 'ಓಸ್' ಎಂದರೆ ಬಾಯಿ. ಎರಡೂ ಒಂದೇ ಥರ ಕೇಳುವುದಾದರೆ, ಮೂಳೆ ಎನ್ನಲು ಬೋಧಕರು 'ಒಸ್ಸುಮ್' ಎಂಬ ಹಳ್ಳಿಯ ರೂಪವನ್ನೇ ಬಳಸಲಿ, ಜನಕ್ಕೆ ಅರ್ಥವಾಗುವುದು ಮುಖ್ಯ ಎನ್ನುತ್ತಾನೆ. ಅಳತೆ ಹೋಯಿತು, ಒತ್ತು ಉಳಿಯಿತು. ಇಟಾಲಿಯನ್ನಿನಲ್ಲಿ ಗೆಳೆಯನಿಗೆ 'ಅಮಿಕೊ' ಎನ್ನುವಾಗ ಇವತ್ತಿಗೂ ಒತ್ತು 'ಮಿ' ಮೇಲೆಯೇ.

ಈಗ ನೀವೇ ಮಾಡಿ

ಲಾಲ್‌ಬಾಗಿನ ಮರಗಳ ಫಲಕದಲ್ಲಿ, ಪಠ್ಯಪುಸ್ತಕದಲ್ಲಿ ಸಿಗುವ ಹೆಸರುಗಳಿವು. ಉತ್ತರ ನೋಡುವ ಮೊದಲು ಪೆನ್ಸಿಲ್ ಹಿಡಿಯಿರಿ. ಇಲ್ಲಿ ಕೊಟ್ಟಿರುವುದು ಹಳೆಯ ಲ್ಯಾಟಿನ್ ಉಚ್ಚಾರ, ಬೇರೆ ಬೇರೆ ದೇಶದ ವಿಜ್ಞಾನಿಗಳು ತಮ್ಮ ತಮ್ಮ ರೀತಿಯಲ್ಲಿ ಹೇಳುವುದು ಉಂಟು.

ಮಾವು: ಮನ್-[ಗಿ]-ಫೆ-ರ [ಇನ್]-ದಿ-ಕ. 'ಫೆ' ಲಘು, 'ದಿ' ಲಘು. 'ಇಂಡೀಕಾ' ಎಂದು ನಡುವೆ ಎಳೆಯಬೇಡಿ.
ತೆಂಗು: [ಕೊ]-ಕೊಸ್ ನು-[ಕಿ]-ಫೆ-ರ. 'ಫೆರ' ಎಂದರೆ ಹೊರುವಂಥದ್ದು. ಈ ಕೊನೆ ಇದ್ದ ಕಡೆಯೆಲ್ಲ ಒತ್ತು ಅದರ ಹಿಂದಿನದಕ್ಕೆ.
ಶ್ರೀಗಂಧ: [ಸನ್]-ತ-ಲುಮ್ [ಅಲ್]-ಬುಮ್.
ಆಲ: [ಫೀ]-ಕುಸ್ ಬೆನ್-ಘ-[ಲೇನ್]-ಸಿಸ್. ಸಿಸೆರೋ ಹೇಳಿದ 'ನ್ಸ್' ಇಲ್ಲಿದೆ. ಊರಿನ ಹೆಸರಿನಿಂದ ಬಂದ ಇಂಥ ಪದಗಳಲ್ಲಿ ಒತ್ತು ಯಾವಾಗಲೂ ಈ 'ಏನ್' ಮೇಲೆ.
ಅರಳಿ: [ಫೀ]-ಕುಸ್ ರೆ-ಲಿ-ಗಿ-[ಓ]-ಸ.
ಹುಣಸೆ: ತ-ಮ-[ರಿನ್]-ದುಸ್ [ಇನ್]-ದಿ-ಕ.

ಕೊನೆಗೊಂದು ನಿಯಮ ಮುರಿಯುವ ಪದ, ನಿಘಂಟಿನಲ್ಲಿ ಸಿಕ್ಕಾಗ ಗಾಬರಿಯಾಗದಿರಲಿ ಎಂದು. 'ಇಲ್ಲೀಕ್' ಎಂದರೆ 'ಅಲ್ಲಿ'. ಎರಡೇ ತುಂಡು, ಆದರೂ ಒತ್ತು ಕೊನೆಯದಕ್ಕೆ: ಇಲ್-[ಲೀಕ್]. ಇದು ಮೊದಲು ಇಲ್-[ಲೀ]-ಕೆ ಎಂದು ಮೂರು ತುಂಡಿನ ಪದವಾಗಿತ್ತು. ಕೊನೆಯ ಎಕಾರ ಉದುರಿಹೋಯಿತು, ಒತ್ತು ತಾನಿದ್ದ ಜಾಗ ಬಿಡಲಿಲ್ಲ.